ಮಬ್ಬಾದ ಅಮೃತಶಿಲೆ ನೆಲಕ್ಕೆ ಮರಳಿ ಹೊಳಪು: ಕಿತ್ತುಹಾಕುವ ನಿರ್ಣಯಕ್ಕೆ ಮುನ್ನ ತಿಳಿಯಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಲೇಖನ
ವಿಷಯ: ಸಾಮುದಾಯಿಕ ಆಸ್ತಿಗಳ ನಿರ್ವಹಣೆ
ಅನ್ವಯ: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು

ಪಾಠದ ಉದ್ದೇಶ

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಕೊನೆಯದು ಸಾಮುದಾಯಿಕ ಆಸ್ತಿಗಳ ನಿರ್ವಹಣೆ. ಹೊಸ ಕಟ್ಟಡದ ಶಂಕುಸ್ಥಾಪನೆಗೆ ದೊರೆಯುವ ಗಮನ ಹಳೆಯ ಕಟ್ಟಡದ ನೆಲಕ್ಕೆ ದೊರೆಯುವುದು ವಿರಳ. ನೆಲ ಮಬ್ಬಾಯಿತೆಂದರೆ ಸಾಮಾನ್ಯವಾಗಿ ಎರಡು ಸಲಹೆಗಳು ಕೇಳಿಬರುತ್ತವೆ: ಆಸಿಡ್ ಹಾಕಿ ತೊಳೆಯುವುದು, ಇಲ್ಲವೇ ಕಿತ್ತು ಹೊಸ ಟೈಲ್ಸ್ ಹಾಕಿಸುವುದು. ಮೊದಲನೆಯದರಿಂದ ಕಲ್ಲು ಹಾಳಾಗುತ್ತದೆ. ಎರಡನೆಯದರಿಂದ ಹಲವು ಸಂದರ್ಭಗಳಲ್ಲಿ ಸಾರ್ವಜನಿಕ ಹಣ ವ್ಯರ್ಥವಾಗುತ್ತದೆ.

ಸಮುದಾಯ ಭವನ, ಪಂಚಾಯಿತಿ ಕಚೇರಿ, ಗ್ರಂಥಾಲಯ, ಅಂಗನವಾಡಿ ಮುಂತಾದ ಕಟ್ಟಡಗಳ ಹಳೆಯ ಕಲ್ಲಿನ ನೆಲಕ್ಕೆ ಹೊಳಪು ಮರಳಿಸುವ ವಿಧಾನವನ್ನೂ, ಅದಕ್ಕೆ ಸಂಬಂಧಿಸಿದ ನಿರ್ಣಯ ಕೈಗೊಳ್ಳುವಾಗ ಸದಸ್ಯರು ಕೇಳಬೇಕಾದ ಪ್ರಶ್ನೆಗಳನ್ನೂ ಈ ಪಾಠವು ವಿವರಿಸುತ್ತದೆ.

1. ಹೊಳಪು ಎಂದರೇನು?

ಗಾಳಿಯಿಲ್ಲದ ಮುಂಜಾನೆ ಕೆರೆಯ ನೀರಿನಲ್ಲಿ ದಡದ ಮರಗಳು ಸ್ಪಷ್ಟವಾಗಿ ಕಾಣುತ್ತವೆ. ಗಾಳಿ ಬೀಸಿ ಅಲೆಯೆದ್ದಾಗ ಪ್ರತಿಬಿಂಬ ಚದುರುತ್ತದೆ. ನೀರು ಮಾತ್ರ ಅದೇ ಆಗಿರುತ್ತದೆ. ಕಲ್ಲಿನ ಸಂಗತಿಯೂ ಹೀಗೆಯೇ. ಮೇಲ್ಮೈ ಅತ್ಯಂತ ಸಮತಟ್ಟಾಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಮರಳಿ ನೆಲ ಹೊಳೆಯುತ್ತದೆ. ಸೂಕ್ಷ್ಮವಾದ ಗೀರುಗಳೂ ಕುಳಿಗಳೂ ಉಂಟಾದಾಗ ಬೆಳಕು ನಾನಾ ದಿಕ್ಕಿಗೆ ಚದುರಿ ನೆಲ ಮಬ್ಬಾಗಿ ಕಾಣುತ್ತದೆ.

ಆದುದರಿಂದ ಅಮೃತಶಿಲೆಯ ಹೊಳಪು ಮೇಲೆ ಬಳಿದ ಬಣ್ಣದಂತೆ ಕಾಲಕ್ರಮದಲ್ಲಿ ಮುಗಿದುಹೋಗುವ ವಸ್ತುವಲ್ಲ. ಕಲ್ಲು ಗಟ್ಟಿಯಾಗಿದ್ದು, ಅಡಿಯ ಗಾರೆ ಬಿಗಿಯಾಗಿದ್ದರೆ, ಮೇಲ್ಮೈಯನ್ನು ಪುನಃ ಸಮತಟ್ಟುಗೊಳಿಸಿದ ಕೂಡಲೇ ಅದೇ ಕಲ್ಲು ಮತ್ತೆ ಹೊಳೆಯುತ್ತದೆ. ಮುಂದಿನ ಎಲ್ಲ ಸಲಹೆಗಳಿಗೂ ಈ ತತ್ತ್ವವೇ ಆಧಾರ.

2. ನೆಲ ಯಾವ ಕಲ್ಲಿನದು?

ಆಡುಮಾತಿನಲ್ಲಿ ಹೊಳೆಯುವ ನೆಲವೆಲ್ಲವೂ ‘ಮಾರ್ಬಲ್’ ಎನಿಸಿಕೊಳ್ಳುತ್ತದೆ. ಆದರೆ ಚಿಕಿತ್ಸೆ ಕಲ್ಲಿನ ಜಾತಿಯನ್ನು ಅವಲಂಬಿಸಿದೆ. ಈ ಮೂರು ತಾಲ್ಲೂಕುಗಳ ಕಟ್ಟಡಗಳು ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಆಡಳಿತಗಳ ಅಡಿಯಲ್ಲಿ ನಿರ್ಮಾಣವಾದವು. ಕೊಳ್ಳೇಗಾಲವು 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಹೀಗಾಗಿ ಒಂದೇ ಪಂಚಾಯಿತಿಯ ವ್ಯಾಪ್ತಿಯಲ್ಲಿಯೂ ಹಲವು ಬಗೆಯ ನೆಲಗಳಿರುವುದು ಸಹಜ. ಆಸ್ತಿ ವಹಿಯಲ್ಲಿ ಕಟ್ಟಡದ ವರ್ಷ ಮತ್ತು ವಿಸ್ತೀರ್ಣದೊಡನೆ ನೆಲದ ಬಗೆಯನ್ನೂ ನಮೂದಿಸುವುದು ಉಪಯುಕ್ತ.

ಅಮೃತಶಿಲೆ: ಸುಣ್ಣದ ಕಲ್ಲು ಭೂಮಿಯೊಳಗಿನ ಶಾಖ ಮತ್ತು ಒತ್ತಡಕ್ಕೆ ಸಿಲುಕಿ ರೂಪಾಂತರಗೊಂಡಾಗ ಅಮೃತಶಿಲೆಯಾಗುತ್ತದೆ. ಅದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಇದರ ಸ್ಥಾನ ಸುಮಾರು 3. ಚಾಕುವಿನ ಮೊನೆಯಿಂದ ಗೀರು ಬೀಳುತ್ತದೆ. ತಾಜ್ ಮಹಲಿಗೆ ಬಳಸಿದ ಮಕ್ರಾನಾ ಕಲ್ಲು ಇದೇ ಜಾತಿಯದು.

ಮೊಸಾಯಿಕ್: ಸಿಮೆಂಟಿನಲ್ಲಿ ಅಮೃತಶಿಲೆಯ ಚೂರುಗಳನ್ನು ಬೆರೆಸಿ ಹಾಸಿ ಉಜ್ಜಿದ ನೆಲ. ಹಳೆಯ ಸರ್ಕಾರಿ ಕಟ್ಟಡಗಳಲ್ಲಿ ಇದು ಹೆಚ್ಚು. ಸಿಮೆಂಟೂ ಚೂರುಗಳೂ ಆಸಿಡ್‌ಗೆ ಕರಗುವಂಥವು.

ಕಡಪ ಮತ್ತು ಶಹಾಬಾದ್ ಕಲ್ಲು: ಇವು ನೋಟಕ್ಕೆ ಅಮೃತಶಿಲೆಯಿಂದ ಭಿನ್ನವಾದರೂ ಸುಣ್ಣದ ಕಲ್ಲಿನ ವರ್ಗಕ್ಕೆ ಸೇರಿದವು. ಆಸಿಡ್ ವಿಷಯದಲ್ಲಿ ಅದೇ ಎಚ್ಚರ ಅಗತ್ಯ.

ಗ್ರಾನೈಟ್: ಚಾಮರಾಜನಗರ ಜಿಲ್ಲೆಯ ಕರಿಕಲ್ಲು ದೇಶವಿದೇಶಗಳಲ್ಲಿ ಪ್ರಸಿದ್ಧ. ವ್ಯಾಪಾರದಲ್ಲಿ ಅದಕ್ಕೆ ಗ್ರಾನೈಟ್ ಎಂಬ ಹೆಸರಿದ್ದರೂ ಭೂವಿಜ್ಞಾನದ ಪ್ರಕಾರ ಅದು ಡಾಲರೈಟ್ ವರ್ಗದ ಅಗ್ನಿಶಿಲೆ. ಇಂತಹ ಕಲ್ಲುಗಳು ಅಮೃತಶಿಲೆಗಿಂತ ಬಹಳ ಗಡಸು. ಮಬ್ಬಾಗುವುದು ನಿಧಾನ, ಮರಳಿ ಹೊಳಪು ತರುವುದೂ ಹೆಚ್ಚು ಶ್ರಮದ ಕೆಲಸ.

ವಿಟ್ರಿಫೈಡ್ ಟೈಲ್ಸ್: ಇವು ಕಾರ್ಖಾನೆಯಲ್ಲಿ ಸುಟ್ಟು ತಯಾರಿಸಿದವು. ಮೇಲ್ಪದರ ಸವೆದರೆ ಕಲ್ಲಿನಂತೆ ಸ್ಥಳದಲ್ಲಿಯೇ ಉಜ್ಜಿ ಸರಿಪಡಿಸಲಾಗದು. ಉಜ್ಜಿ ನವೀಕರಿಸಬಹುದಾದ ನೆಲವನ್ನು ಕಿತ್ತು, ಹಾಗೆ ನವೀಕರಿಸಲಾಗದ ನೆಲವನ್ನು ಹಾಕಿಸುವುದು ಲಾಭದಾಯಕವೇ ಎಂಬುದನ್ನು ಸದಸ್ಯರು ಪರಿಶೀಲಿಸಬೇಕು.

ಸರಳ ಪರೀಕ್ಷೆ: ಬಾಗಿಲ ಹಿಂದಿನ ಮೂಲೆಯಲ್ಲಿ ನೆಲವನ್ನು ಒರೆಸಿ ಒಂದು ಹನಿ ನಿಂಬೆರಸ ಹಾಕಿ ಎರಡು ನಿಮಿಷ ಬಿಟ್ಟು ತೊಳೆಯಬೇಕು. ಸಣ್ಣ ನೊರೆಗುಳ್ಳೆಗಳು ಎದ್ದರೆ ಅಥವಾ ತೊಳೆದ ಮೇಲೆ ಆ ಜಾಗ ಮಂಕಾಗಿ ಉಳಿದರೆ ಅದು ಸುಣ್ಣದ ಅಂಶವುಳ್ಳ ನೆಲ. ಈ ಪರೀಕ್ಷೆಯನ್ನು ಎದ್ದುಕಾಣುವ ಜಾಗದಲ್ಲಿ ಮಾಡಬಾರದು.

3. ನೆಲ ಮಬ್ಬಾಗಲು ಕಾರಣಗಳು

ಮರಳು ಮತ್ತು ದೂಳು: ಮರಳಿನ ಮುಖ್ಯ ಖನಿಜವಾದ ಬೆಣಚುಕಲ್ಲಿನ ಗಡಸುತನ 7. ಚಪ್ಪಲಿಗೆ ಅಂಟಿದ ಮರಳಿನ ಕಣವು ಗಡಸುತನ 3ರ ಅಮೃತಶಿಲೆಯನ್ನು ಪ್ರತಿ ಹೆಜ್ಜೆಯಲ್ಲಿಯೂ ಗೀರುತ್ತದೆ. ಬಾಗಿಲಿನಿಂದ ವೇದಿಕೆಯವರೆಗಿನ ಓಡಾಟದ ದಾರಿ ಮಾತ್ರ ಮಬ್ಬಾಗಿದ್ದು ಗೋಡೆಯ ಅಂಚಿನಲ್ಲಿ ಹೊಳಪು ಉಳಿದಿದ್ದರೆ ಇದೇ ಕಾರಣ.

ಹುಳಿ ಪದಾರ್ಥಗಳು: ಸಮುದಾಯ ಭವನದಲ್ಲಿ ಮದುವೆಯ ಊಟ ನಡೆಯುತ್ತದೆ. ಮಜ್ಜಿಗೆ, ಸಾರು, ಉಪ್ಪಿನಕಾಯಿಯ ರಸ ನೆಲಕ್ಕೆ ಬೀಳುತ್ತದೆ. ಆಯುಧಪೂಜೆಯಂದು ನಿಂಬೆಹಣ್ಣು ಹಿಂಡುತ್ತಾರೆ. ಇವೆಲ್ಲವೂ ಹುಳಿ. ಹುಣಸೆಹಣ್ಣು ಹಿತ್ತಾಳೆಯ ಬಿಂದಿಗೆಗೆ ಹೊಳಪು ಕೊಡುತ್ತದೆ. ಅಮೃತಶಿಲೆಗೆ ಅದೇ ಹುಣಸೆಹಣ್ಣು ಮಬ್ಬು ತರುತ್ತದೆ. ಪಾತ್ರೆ ಬೆಳಗುವ ಅನುಭವವನ್ನು ನೆಲಕ್ಕೆ ಅನ್ವಯಿಸಬಾರದು.

ಕಲೆ: ಕಲೆಗೂ ಹುಳಿಯ ಗುರುತಿಗೂ ವ್ಯತ್ಯಾಸವಿದೆ. ಎಣ್ಣೆ, ಅರಿಶಿನ, ಕುಂಕುಮಗಳು ಕಲ್ಲಿನ ರಂಧ್ರದೊಳಗೆ ಇಳಿದು ಬಣ್ಣದ ಗುರುತು ಬಿಡುತ್ತವೆ. ಹುಳಿ ಬಿದ್ದ ಜಾಗ ಬಣ್ಣವಿಲ್ಲದೆ ಮಂಕಾಗಿ, ಸವರಿದರೆ ಒರಟಾಗಿ ಇರುತ್ತದೆ. ಕಲೆಯನ್ನು ಹೀರಿ ತೆಗೆಯಬಹುದು. ಹುಳಿಯ ಗುರುತು ಎಷ್ಟು ತೊಳೆದರೂ ಹೋಗದು, ಉಜ್ಜಿಯೇ ಸರಿಪಡಿಸಬೇಕು.

ಗಡಸು ನೀರು ಮತ್ತು ಮೇಣ: ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಒರೆಸದೆ ಬಿಟ್ಟರೆ ಲವಣದ ತೆಳುಪದರ ಉಳಿಯುತ್ತದೆ. ಮೇಣದ ಪಾಲಿಶ್ ಪದೇಪದೇ ಬಳಿದರೆ ದೂಳು ಅದರಲ್ಲಿ ಕೂತು ನೆಲ ಹಳದಿಯಾಗುತ್ತದೆ.

ತೇವ: ಅಡಿಪಾಯದಿಂದ ತೇವ ಏರಿದರೆ ಅದರೊಡನೆ ಲವಣಗಳೂ ಮೇಲೆ ಬಂದು ಬಿಳಿಪುಡಿಯಾಗಿ ಕಾಣುತ್ತವೆ, ಕಲ್ಲಿನ ಮೇಲ್ಮೈ ಉದುರುತ್ತದೆ. ಇದನ್ನು ಪತ್ತೆಹಚ್ಚಲು ಸುಮಾರು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ ನಾಲ್ಕೂ ಅಂಚುಗಳನ್ನು ಟೇಪಿನಿಂದ ಮುಚ್ಚಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಹಾಳೆಯ ಒಳಗೆ ಹನಿಗಟ್ಟಿದ್ದರೆ ಮೊದಲು ಚರಂಡಿ, ಛಾವಣಿಯ ನೀರು, ಒಡೆದ ಕೊಳಾಯಿಗಳನ್ನು ಸರಿಪಡಿಸತಕ್ಕದ್ದು. ತೇವ ನಿಲ್ಲದೆ ಮಾಡಿಸಿದ ಪಾಲಿಶ್ ಉಳಿಯುವುದಿಲ್ಲ.

4. ಆಸಿಡ್ ಏಕೆ ಕೂಡದು?

ಶೌಚಾಲಯಕ್ಕೆ ಬಳಸುವ ಆಸಿಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಅಮೃತಶಿಲೆಗೆ ತಗುಲಿದಾಗ ಏಳುವ ನೊರೆಯನ್ನು ‘ಕೊಳೆ ಕಿತ್ತುಬರುತ್ತಿದೆ’ ಎಂದು ತಿಳಿಯುವವರಿದ್ದಾರೆ. ವಾಸ್ತವದಲ್ಲಿ ಆ ನೊರೆ ಕಲ್ಲೇ ಕರಗಿ ಹೊರಬರುವ ಇಂಗಾಲದ ಡೈಆಕ್ಸೈಡ್ ಅನಿಲ. ಕೊಳೆ ಹೋದಂತೆ ಕಾಣುವುದು ಅದು ಕೂತಿದ್ದ ಕಲ್ಲಿನ ಪದರವೇ ಹೋದದ್ದರಿಂದ. ನೆಲ ಒಣಗಿದ ಮೇಲೆ ಮೊದಲಿಗಿಂತ ಒರಟಾಗಿ, ಮುಂದೆ ಇನ್ನೂ ಬೇಗ ಕೊಳೆಯಾಗುತ್ತದೆ. ಮೊಸಾಯಿಕ್ ನೆಲದಲ್ಲಿ ಸಿಮೆಂಟ್ ಕರಗಿ ಚೂರುಗಳು ಸಡಿಲವಾಗುತ್ತವೆ.

ಇದಕ್ಕಿಂತ ಗಂಭೀರವಾದ ಅಪಾಯವೊಂದಿದೆ. ಬ್ಲೀಚಿಂಗ್ ಪುಡಿ ಬಹುತೇಕ ಎಲ್ಲ ಪಂಚಾಯಿತಿಗಳ ದಾಸ್ತಾನಿನಲ್ಲಿರುತ್ತದೆ. ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಕೋಣೆಯಲ್ಲಿ ನೆಲ ತೊಳೆಯುವ ಸಿಬ್ಬಂದಿಯ ಪ್ರಾಣಕ್ಕೇ ಇದು ಅಪಾಯ. ಇವೆರಡನ್ನೂ ಒಂದೇ ಕಪಾಟಿನಲ್ಲಿ ಇಡಬಾರದು, ಯಾವ ಕಾರಣಕ್ಕೂ ಒಟ್ಟಿಗೆ ಬಳಸಬಾರದು. ಆಸಿಡ್ ಮಾರಾಟಕ್ಕೆ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ನಿರ್ಬಂಧಗಳನ್ನು ವಿಧಿಸಿರುವುದನ್ನೂ ಸದಸ್ಯರು ಗಮನದಲ್ಲಿಡಬೇಕು.

5. ಹೊಳಪು ಮರಳಿಸುವ ಕ್ರಮ

ಮೊದಲ ಹಂತ, ಪರಿಶೀಲನೆ: ಪ್ರತಿ ಕಲ್ಲನ್ನೂ ಮರದ ಕೋಲಿನಿಂದ ಮೆಲ್ಲಗೆ ತಟ್ಟಬೇಕು. ಟೊಳ್ಳು ಸದ್ದು ಬಂದರೆ ಅಡಿಯ ಗಾರೆ ಬಿಟ್ಟಿದೆ ಎಂದರ್ಥ. ಅಂತಹ ಕಲ್ಲುಗಳನ್ನು ಗುರುತಿಸಿ ಮೊದಲು ಬಿಗಿಗೊಳಿಸಬೇಕು. ಇಲ್ಲವಾದರೆ ಯಂತ್ರದ ಭಾರಕ್ಕೆ ಒಡೆಯುತ್ತವೆ. ಬಹುಪಾಲು ಕಲ್ಲುಗಳು ಟೊಳ್ಳಾಗಿದ್ದರೆ ಅಥವಾ ನೆಲವೇ ಕುಸಿದಿದ್ದರೆ ಬದಲಾಯಿಸುವುದೇ ಸರಿ.

ಎರಡನೆಯ ಹಂತ, ಕಲೆ ಮತ್ತು ಬಿರುಕು: ಹಳೆಯ ಮೇಣವನ್ನು ತೆಗೆದು ನೆಲವನ್ನು ತೊಳೆದು ಒಣಗಿಸಬೇಕು. ಎಣ್ಣೆಯ ಕಲೆಗೆ ಸೀಮೆಸುಣ್ಣದ ಪುಡಿಯನ್ನು ಸಾಬೂನು ನೀರಿನಲ್ಲಿ ಕಲಸಿ ದಪ್ಪನಾಗಿ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು, ಒಣಗಿದ ಮೇಲೆ ತೆಗೆಯಬೇಕು, ಅಗತ್ಯವಿದ್ದರೆ ಪುನರಾವರ್ತಿಸಬೇಕು. ಅರಿಶಿನದ ಕಲೆ ಬಿಸಿಲು ಬೀಳುವೆಡೆ ತಾನಾಗಿ ಮಾಸುತ್ತದೆ. ಬಿರುಕು ಮತ್ತು ಸಂದುಗಳನ್ನು ಕಲ್ಲಿನ ಬಣ್ಣಕ್ಕೆ ಹೊಂದುವ ಪದಾರ್ಥದಿಂದ ತುಂಬಿ ಗಟ್ಟಿಯಾಗಲು ಬಿಡಬೇಕು.

ಮೂರನೆಯ ಹಂತ, ಉಜ್ಜುವಿಕೆ: ಯಂತ್ರಕ್ಕೆ ಜೋಡಿಸುವ ಉಜ್ಜುಕಲ್ಲುಗಳಿಗೆ ಸಂಖ್ಯೆಗಳಿವೆ. ರಾಗಿಹಿಟ್ಟಿನ ಜರಡಿಯಂತೆ, ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣದು. ಅಮೃತಶಿಲೆಗೆ ವಜ್ರದ ಕಣಗಳುಳ್ಳ ಪ್ಯಾಡುಗಳನ್ನು ಸಾಮಾನ್ಯವಾಗಿ 50, 100, 200, 400, 800, 1500, 3000 ಎಂಬ ಕ್ರಮದಲ್ಲಿ ನೀರಿನೊಡನೆ ಬಳಸುತ್ತಾರೆ. ಪ್ರತಿ ಹಂತವೂ ಹಿಂದಿನ ಹಂತದ ಗೀರುಗಳನ್ನು ಅಳಿಸುತ್ತದೆ. ನಡುವೆ ಒಂದೆರಡು ಸಂಖ್ಯೆಗಳನ್ನು ಬಿಟ್ಟು ಮುಂದೆ ಹೋದರೆ ಒರಟು ಗೀರು ಉಳಿದು, ಓರೆ ಬೆಳಕಿನಲ್ಲಿ ವೃತ್ತಾಕಾರದ ಗುರುತುಗಳಾಗಿ ಕಾಣುತ್ತದೆ. ನೆಲ ಕೇವಲ ಮಂಕಾಗಿದ್ದು ಏರುತಗ್ಗುಗಳಿಲ್ಲದಿದ್ದರೆ 200 ಅಥವಾ 400ರಿಂದ ಆರಂಭಿಸಿದರೆ ಸಾಕು. ಕಲ್ಲಿನ ಸವೆತವೂ ಖರ್ಚೂ ಕಡಿಮೆ.

ಮೊಸಾಯಿಕ್ ನೆಲಕ್ಕೆ ಕಾರ್ಬೊರಂಡಮ್ ಕಲ್ಲುಗಳು ರೂಢಿಯಲ್ಲಿವೆ: ಮೊದಲು ಸುಮಾರು 60, ಬಳಿಕ 120, ಕೊನೆಗೆ 320 ಅಥವಾ ಅದಕ್ಕೂ ನಯವಾದದ್ದು. ಇದರ ಚೂರುಗಳಿರುವ ಮೇಲ್ಪದರ ಕೆಲವೇ ಮಿಲಿಮೀಟರ್ ದಪ್ಪವಿರುವುದರಿಂದ ಅಗತ್ಯಕ್ಕಿಂತ ಹೆಚ್ಚು ಉಜ್ಜಬಾರದು.

ನಾಲ್ಕನೆಯ ಹಂತ, ಪಾಲಿಶ್: ಕೊನೆಗೆ ಆಕ್ಸಾಲಿಕ್ ಆಮ್ಲದ ಪುಡಿ ಅಥವಾ ತವರದ ಆಕ್ಸೈಡ್ ಪುಡಿಯನ್ನು ಸ್ವಲ್ಪ ನೀರಿನೊಡನೆ ಬಟ್ಟೆಯ ಪ್ಯಾಡಿನಿಂದ ಉಜ್ಜುತ್ತಾರೆ. ಆಮ್ಲ ಕೂಡದೆಂದ ಮೇಲೆ ಇದೇಕೆ ಎಂಬ ಪ್ರಶ್ನೆ ಸಹಜ. ಹೈಡ್ರೋಕ್ಲೋರಿಕ್ ಆಮ್ಲದಿಂದ ಉಂಟಾಗುವ ಲವಣ ನೀರಿನಲ್ಲಿ ಕರಗಿಹೋಗುತ್ತದೆ. ಆಕ್ಸಾಲಿಕ್ ಆಮ್ಲದಿಂದ ಉಂಟಾಗುವ ಕ್ಯಾಲ್ಸಿಯಂ ಆಕ್ಸಲೇಟ್ ಕರಗದೆ ಮೇಲ್ಮೈಯಲ್ಲಿಯೇ ಉಳಿದು ನಯಗೊಳ್ಳಲು ನೆರವಾಗುತ್ತದೆ. ಪ್ರಮಾಣ ಹೆಚ್ಚಾದರೆ ಅಥವಾ ತೊಳೆಯದೆ ಬಿಟ್ಟರೆ ಇದೂ ಕಲ್ಲನ್ನು ಸುಡುತ್ತದೆ. ಈ ಪುಡಿ ಹೊಟ್ಟೆಗೆ ಹೋದರೆ ವಿಷ. ಆದುದರಿಂದ ನುರಿತ ಕೆಲಸಗಾರರೇ ಬಳಸಬೇಕು, ಉಳಿದದ್ದನ್ನು ಕಟ್ಟಡದಲ್ಲಿ ಬಿಡಬಾರದು.

6. ಎಲ್ಲಿ ಎಷ್ಟು ಹೊಳಪು ಬೇಕು?

ಕನ್ನಡಿಯಂತಹ ನೆಲದ ಮೇಲೆ ನೀರು ಬಿದ್ದರೆ ಜಾರುತ್ತದೆ. ಪಿಂಚಣಿ ವಿಚಾರಿಸಲು ಬರುವ ವೃದ್ಧರು, ಗರ್ಭಿಣಿಯರು, ಅಂಗನವಾಡಿಯ ಮಕ್ಕಳು, ಅಂಗವಿಕಲರು ಬಳಸುವ ಕಟ್ಟಡಗಳಲ್ಲಿ ಹೊಳಪಿಗಿಂತ ಹಿಡಿತ ಮುಖ್ಯ. ಸಭಾಂಗಣ ಮತ್ತು ವೇದಿಕೆಗೆ ಪೂರ್ಣ ಹೊಳಪು ಸೂಕ್ತ. ಪ್ರವೇಶದ್ವಾರ, ಇಳಿಜಾರು, ಕೈತೊಳೆಯುವ ಜಾಗ, ಆರೋಗ್ಯ ಉಪಕೇಂದ್ರ ಮತ್ತು ಅಂಗನವಾಡಿಗಳಲ್ಲಿ 400ರ ಆಸುಪಾಸಿನಲ್ಲಿ ನಿಲ್ಲಿಸಿದರೆ ನೆಲ ನಯವಾಗಿ, ಸ್ವಚ್ಛವಾಗಿ ಇದ್ದು ಜಾರುವ ಅಪಾಯ ತಗ್ಗುತ್ತದೆ. ಯಾವ ಕೋಣೆಗೆ ಯಾವ ಮಟ್ಟ ಎಂಬುದನ್ನು ಅಂದಾಜುಪಟ್ಟಿಯಲ್ಲಿಯೇ ಬರೆಯಿಸಬೇಕು.

7. ಕೆಲಸಗಾರರ ಆರೋಗ್ಯ, ನೀರು ಮತ್ತು ಕೆಸರು

ಗ್ರಾನೈಟನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಸೂಕ್ಷ್ಮ ದೂಳಿನಲ್ಲಿ ಸಿಲಿಕಾ ಇರಬಹುದು. ಅದು ಶ್ವಾಸಕೋಶವನ್ನು ಸೇರಿದರೆ ಸಿಲಿಕೋಸಿಸ್ ಎಂಬ, ಗುಣವಾಗದ ರೋಗ ಬರುತ್ತದೆ. ಯಾವುದೇ ಕಲ್ಲನ್ನು ನೀರು ಹರಿಸಿಯೇ ಉಜ್ಜಬೇಕು. ಕೆಲಸಗಾರರಿಗೆ ಎನ್95 ಮುಖಗವಸು, ಬೂಟು, ಕೈಗವಸು ಇರಬೇಕು. ಒದ್ದೆ ನೆಲದಲ್ಲಿ ವಿದ್ಯುತ್ ಯಂತ್ರ ಓಡುವುದರಿಂದ ಸರಿಯಾದ ಅರ್ಥಿಂಗ್ ಮತ್ತು ಸೋರಿಕೆಯಾದೊಡನೆ ವಿದ್ಯುತ್ ಕಡಿತಗೊಳಿಸುವ ಸಾಧನ ಕಡ್ಡಾಯವಾಗಬೇಕು. ಕೆಲಸ ಮುಗಿದು ನೆಲ ತೊಳೆಯುವವರೆಗೆ ಮಕ್ಕಳನ್ನು ಕಟ್ಟಡದೊಳಗೆ ಬಿಡಬಾರದು.

ಬೇಸಿಗೆ ರಜೆಯಲ್ಲಿ ಶಾಲೆ ಖಾಲಿಯಿರುತ್ತದೆ. ಆದರೆ ಬೇಸಿಗೆಯಲ್ಲಿ ಕುಡಿಯುವ ನೀರಿನ ಒತ್ತಡವೂ ಇರುತ್ತದೆ. ಎರಡು ಡ್ರಮ್ಮುಗಳಲ್ಲಿ ಕೆಸರು ನೀರನ್ನು ತಂಗಲು ಬಿಟ್ಟು ಮೇಲಿನ ತಿಳಿನೀರನ್ನು ಒರಟು ಹಂತಗಳಿಗೆ ಮರಳಿ ಬಳಸಿದರೆ ನೀರು ಉಳಿಯುತ್ತದೆ. ಕೊನೆಯ ನಯವಾದ ಹಂತಗಳಿಗೆ ಶುದ್ಧ ನೀರೇ ಬೇಕು. ತಂಗಿದ ಕೆಸರನ್ನು ಚರಂಡಿಗೆ ಬಿಟ್ಟರೆ ಅದು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಒಣಗಿಸಿ ಬೇರೆಡೆ ವಿಲೇವಾರಿ ಮಾಡತಕ್ಕದ್ದು.

8. ಅಂದಾಜು, ಅಳತೆ ಮತ್ತು ನಿರ್ಣಯ

ಸದಸ್ಯರು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಿಂದ ಎರಡು ಅಂದಾಜುಗಳನ್ನು ಕೇಳಬೇಕು: ಒಂದು ಮರುಪಾಲಿಶ್‌ಗೆ, ಇನ್ನೊಂದು ಬದಲಾವಣೆಗೆ. ಬದಲಾವಣೆಯ ಅಂದಾಜಿನಲ್ಲಿ ಹೊಸ ಟೈಲ್ಸ್‌ನ ಬೆಲೆಯೊಡನೆ ಹಳೆಯ ನೆಲ ಅಗೆಯುವ ಕೂಲಿ, ಅವಶೇಷ ಸಾಗಣೆ, ಗೋಡೆಯಂಚಿನ ಪಟ್ಟಿ, ಬಾಗಿಲು ಕತ್ತರಿಸುವ ಖರ್ಚು ಎಲ್ಲವೂ ಸೇರಿರಬೇಕು. ಹಳೆಯ ನೆಲದ ಮೇಲೆಯೇ ಟೈಲ್ಸ್ ಅಂಟಿಸಿದರೆ ನೆಲದ ಮಟ್ಟ ಏರಿ ಬಾಗಿಲುಗಳು ತಾಗುತ್ತವೆ, ಗಾಲಿಕುರ್ಚಿಗೆ ತೊಡಕಾಗುತ್ತದೆ ಎಂಬುದೂ ನೆನಪಿರಲಿ.

ಅಳತೆಯ ಒಂದು ಮಾದರಿ ಲೆಕ್ಕ: ಮೊಸಾಯಿಕ್ ನೆಲದ ಸಭಾಂಗಣವೊಂದು 12 ಮೀಟರ್ ಉದ್ದ, 7.5 ಮೀಟರ್ ಅಗಲವಿದೆ ಎಂದಿಟ್ಟುಕೊಳ್ಳೋಣ. ವಿಸ್ತೀರ್ಣ 90 ಚದರ ಮೀಟರ್. ಅದರಲ್ಲಿ 6 ಮೀಟರ್ ಉದ್ದ, 2.5 ಮೀಟರ್ ಅಗಲದ ವೇದಿಕೆಗೆ ಬೇರೆ ನೆಲವಿದ್ದರೆ 15 ಚದರ ಮೀಟರ್ ಕಳೆಯಬೇಕು. ಉಳಿಯುವುದು 75 ಚದರ ಮೀಟರ್, ಅಂದರೆ ಸುಮಾರು 807 ಚದರ ಅಡಿ. ಮೊಸಾಯಿಕ್ ಪಾಲಿಶ್‌ಗೆ ರೂಢಿಯಲ್ಲಿರುವ ಆಕ್ಸಾಲಿಕ್ ಪುಡಿಯ ಪ್ರಮಾಣ ಚದರ ಮೀಟರಿಗೆ 33 ಗ್ರಾಂ. ಅದರಂತೆ ಬೇಕಾಗುವುದು ಸುಮಾರು 2.5 ಕಿಲೋಗ್ರಾಂ. ಬಿಲ್ಲಿನಲ್ಲಿ ಇದರ ನಾಲ್ಕು ಪಟ್ಟು ಕಂಡರೆ ಸದಸ್ಯರು ವಿವರಣೆ ಕೇಳುವುದು ನ್ಯಾಯ.

ಕೆಲಸ ವಹಿಸುವ ಮುನ್ನ ಅದೇ ಕಟ್ಟಡದಲ್ಲಿ ಒಂದು ಚದರ ಮೀಟರ್ ಜಾಗವನ್ನು ಮಾದರಿಯಾಗಿ ಪಾಲಿಶ್ ಮಾಡಿಸಿ, ಒಪ್ಪಿಗೆಯಾದ ಮೇಲೆ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ನೆಲ ಪೂರ್ಣ ಒಣಗಿದ ಬಳಿಕವೇ ಪರಿಶೀಲಿಸಿ ಅಳತೆ ಪುಸ್ತಕಕ್ಕೆ ಸೇರಿಸಬೇಕು. ಒದ್ದೆಯಾದ ಕಲ್ಲು ಯಾವುದಾದರೂ ಹೊಳೆಯುತ್ತದೆ. ಹನೂರು ತಾಲ್ಲೂಕಿನ ದೂರದ ಗ್ರಾಮಗಳಿಗೆ ಯಂತ್ರ ಸಾಗಿಸುವುದೇ ದೊಡ್ಡ ಖರ್ಚಾಗಬಹುದು. ಪಂಚಾಯಿತಿಯ ಹಲವು ಕಟ್ಟಡಗಳನ್ನು ಒಂದೇ ಅವಧಿಗೆ ಹೊಂದಿಸಿದರೆ ಉಳಿತಾಯವಾಗುತ್ತದೆ. ಖರೀದಿ ಮತ್ತು ಗುತ್ತಿಗೆಗಳಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ನ್ನು ಪಾಲಿಸತಕ್ಕದ್ದು.

9. ಮುಟ್ಟಬಾರದ ನೆಲಗಳು

ಯಳಂದೂರಿನ ಗೌರೀಶ್ವರ ದೇವಾಲಯ ಮತ್ತು ಅದರ ಬಳೆ ಮಂಟಪದಂತಹ ಪ್ರಾಚೀನ ಕಟ್ಟಡಗಳ ಕಲ್ಲಿಗೆ ಯಂತ್ರ ತಾಗಿಸಬಾರದು. ಅಲ್ಲಿ ಕಾಣುವ ಮಂಕು ಕಲ್ಲಿನ ವಯಸ್ಸಿನ ಗುರುತು. ಉಜ್ಜಿದರೆ ಉಳಿಯ ಗುರುತುಗಳೂ ಬರಹಗಳೂ ಅಳಿಯುತ್ತವೆ. ಸಂರಕ್ಷಿತ ಸ್ಮಾರಕಗಳಲ್ಲಿ ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಯಾವ ಕೆಲಸವನ್ನೂ ಕೈಗೊಳ್ಳುವಂತಿಲ್ಲ. ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳಂತಹ ಕ್ಷೇತ್ರಗಳಲ್ಲಿ ಆಯಾ ದೇವಾಲಯದ ಆಡಳಿತವೇ ತೀರ್ಮಾನಿಸಬೇಕು. ಹಳೆಯ ಛತ್ರಗಳಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲುಗಳಿದ್ದರೆ ಅವನ್ನು ಮೊದಲೇ ಗುರುತಿಸಿ ಕೈಯಿಂದಲೇ ಶುಚಿಗೊಳಿಸಬೇಕು.

10. ನಿತ್ಯ ನಿರ್ವಹಣೆ

• ಬಾಗಿಲಿನ ಹೊರಗೂ ಒಳಗೂ ಕಾಲೊರಸು ಹಾಕಬೇಕು. ನೆಲವನ್ನು ಉಳಿಸುವ ಅತಿ ಅಗ್ಗದ ಉಪಾಯ ಇದೇ.
• ಮೊದಲು ಮೃದುವಾದ ಪೊರಕೆಯಿಂದ ಮರಳನ್ನು ಗುಡಿಸಿ, ಬಳಿಕ ಒದ್ದೆಬಟ್ಟೆಯಿಂದ ಒರೆಸಬೇಕು. ಮರಳಿನ ಮೇಲೆಯೇ ಒರೆಸಿದರೆ ಬಟ್ಟೆಯೇ ಉಜ್ಜುಕಾಗದವಾಗುತ್ತದೆ.
• ಆಮ್ಲವೂ ಕ್ಷಾರವೂ ಅಲ್ಲದ ಸೌಮ್ಯ ದ್ರಾವಣವನ್ನು ಅಲ್ಪ ಪ್ರಮಾಣದಲ್ಲಿ ಬಳಸಿ, ಶುದ್ಧ ನೀರಿನಲ್ಲಿ ಒರೆಸಿ ಒಣಗಿಸಬೇಕು. ಆಸಿಡ್, ವಿನೆಗರ್, ನಿಂಬೆ, ಹುಣಸೆ, ಬಟ್ಟೆಸೋಡ ಬೇಡ.
• ಊಟದ ಕಾರ್ಯಕ್ರಮವಾದ ದಿನವೇ ನೆಲ ತೊಳೆಯುವ ಷರತ್ತನ್ನು ಸಮುದಾಯ ಭವನದ ಬಾಡಿಗೆ ನಿಯಮದಲ್ಲಿ ಸೇರಿಸಬೇಕು.
• ಕಬ್ಬಿಣದ ಬೀರು, ಮೇಜುಗಳ ಕಾಲಿಗೆ ರಬ್ಬರ್ ಟೋಪಿ ಹಾಕಿದರೆ ತುಕ್ಕಿನ ಕಲೆಯೂ ಗೀರೂ ತಪ್ಪುತ್ತವೆ.

ಸಾಮಾನ್ಯ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಪಂಚಾಯಿತಿಯ ಪ್ರತಿ ಕಟ್ಟಡದ ನೆಲ ಯಾವ ಬಗೆಯದು? ಆಸ್ತಿ ವಹಿಯಲ್ಲಿ ನಮೂದಾಗಿದೆಯೇ?
2. ಮಬ್ಬಾದ ನೆಲಗಳಲ್ಲಿ ಸವೆತ, ಹುಳಿ, ಕಲೆ, ತೇವ ಇವುಗಳಲ್ಲಿ ಕಾರಣ ಯಾವುದು?
3. ನೆಲ ಬದಲಾಯಿಸುವ ಪ್ರಸ್ತಾವನೆಯೊಡನೆ ಮರುಪಾಲಿಶ್‌ನ ಅಂದಾಜನ್ನೂ ಇರಿಸಲಾಗಿದೆಯೇ?
4. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಲ್ಲಿ ಇಡಲಾಗಿದೆ? ಸ್ವಚ್ಛತಾ ಸಿಬ್ಬಂದಿಗೆ ಅಪಾಯದ ತಿಳಿವಳಿಕೆ ನೀಡಲಾಗಿದೆಯೇ?
5. ವೃದ್ಧರು ಮತ್ತು ಮಕ್ಕಳು ಓಡಾಡುವ ಜಾಗದಲ್ಲಿ ನೆಲ ಜಾರುತ್ತಿದೆಯೇ?

ಈ ಐದು ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಿ, ಮುಂದಿನ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಕಟ್ಟಡ ನಿರ್ವಹಣೆಯ ಭಾಗವನ್ನು ಸಿದ್ಧಪಡಿಸುವಾಗ ಬಳಸಿಕೊಳ್ಳುವುದು.